ಗೇಮ್ ಸಂಗೀತ ಪಿಯಾನೊಗೆ: ಇದ್ದಹಾಗೇ ಇಳಿಸಬೇಕೇ, ಸೋಸಬೇಕೇ, ಹೊಸದಾಗಿ ಕಟ್ಟಬೇಕೇ?

ಗೇಮ್‌ನ ಟ್ಯೂನ್ ಒಂದನ್ನು ಪಿಯಾನೊದಲ್ಲಿ ನುಡಿಸಬೇಕು ಅಂತ ಆಸೆಪಟ್ಟವರು ಸಾಮಾನ್ಯವಾಗಿ ಮೊದಲು ನೋಡುವುದು ತಮ್ಮ ಕೈಯನ್ನು. "ನನ್ನ ಮಟ್ಟಕ್ಕೆ ಇದು ಆಗುತ್ತಾ?" ಅಂತ. ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಆ ಟ್ಯೂನ್ ಹುಟ್ಟಿದ ಯಂತ್ರವನ್ನು. ಅದರಲ್ಲಿ ಒಟ್ಟಿಗೆ ಎಷ್ಟು ದನಿ ಬರುತ್ತದೆ, ಯಾವ ದನಿ ಹಾಡನ್ನು ಎತ್ತಿ ನಡೆಸುತ್ತಿದೆ ಅನ್ನುವುದು ಗೊತ್ತಾದರೆ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ದಾರಿಗಳು ಮೂರು. ಮೂಲದ ಸ್ವರಗಳನ್ನು ಇದ್ದಹಾಗೇ ಇಳಿಸುವುದು ಒಂದು. ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಸೋಸಿಬಿಡುವುದು ಇನ್ನೊಂದು. ಟ್ಯೂನ್ ಮಾತ್ರ ತೆಗೆದುಕೊಂಡು ಪಿಯಾನೊಗೆಂದೇ ಹೊಸದಾಗಿ ಕಟ್ಟುವುದು ಮೂರನೆಯದು. ಜನ ಇವನ್ನು ಸುಲಭ, ಮಧ್ಯಮ, ಕಷ್ಟ ಅಂತ ಮೆಟ್ಟಿಲಿನ ಥರ ನೋಡುತ್ತಾರೆ. ಹಾಗೇನಿಲ್ಲ. ಕೆಲವು ಟ್ಯೂನ್‌ಗಳನ್ನು ಇದ್ದಹಾಗೇ ಇಳಿಸಲು ಹೋದರೆ ಮೂರು ಕೈ ಬೇಕಾಗುತ್ತದೆ. ಇನ್ನು ಕೆಲವನ್ನು ಹೊಸದಾಗಿ ಕಟ್ಟಲು ಹೋದರೆ ಇದ್ದ ಚೆಂದವೂ ಹೋಗುತ್ತದೆ.

ಇದ್ದಹಾಗೇ ಇಳಿಸುವುದು

ಈ ದಾರಿ ಹೇಳಿ ಮಾಡಿಸಿದಂತೆ ಹೊಂದುವುದು ಎಂಟು ಬಿಟ್ ಕಾಲದ ಸಂಗೀತಕ್ಕೆ. ನಿಂಟೆಂಡೊದ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಬಂತು. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ, ಒಂದೇ ಕ್ಯಾಸೆಟ್‌ನಲ್ಲಿ ಸಾವಿರಾರು ಗೇಮ್ ಇದೆ ಅಂತ ಸುಳ್ಳು ಹೇಳುತ್ತಿದ್ದ ಡಬ್ಬಿಗಳು ಹೆಚ್ಚಾಗಿ ಇದರ ನಕಲುಗಳೇ. ಈ ಯಂತ್ರದ ಚಿಪ್‌ನಲ್ಲಿ ಐದು ಚಾನೆಲ್ ಇವೆ. ಸ್ವರ ನುಡಿಸಲು ಎರಡು ಪಲ್ಸ್, ಒಂದು ಟ್ರಯಾಂಗಲ್, ಬರೀ ಸದ್ದಿಗೆ ಒಂದು ನಾಯ್ಸ್, ಇನ್ನೊಂದು ಪುಟ್ಟ ಸ್ಯಾಂಪಲ್‌ಗಳಿಗೆ, ಅಂದರೆ ರೆಕಾರ್ಡ್ ಮಾಡಿದ ಸದ್ದಿನ ತುಣುಕುಗಳಿಗೆ. ಕೊನೆಯ ಎರಡಕ್ಕೆ ಸಾಮಾನ್ಯವಾಗಿ ಡ್ರಮ್ ಕೆಲಸ. ಅಲ್ಲಿಗೆ ಉಳಿದದ್ದು ಮೂರು ದನಿ. ಎರಡು ಕೈಗೆ ಮೂರು ದನಿ ಅಂದರೆ ಆರಾಮಾಗಿ ಆಗುತ್ತದೆ.

1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಟ್ಯೂನನ್ನೇ ತೆಗೆದುಕೊಳ್ಳಿ. ಮಾಡಿದವರು ಕೋಜಿ ಕೊಂಡೊ. ಶುರುವಿನ ಆ ತುಣುಕಿನಲ್ಲಿ ಮೇಲಿನ ದನಿ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳಿದರೆ, ಇ ಇ ಇ, ಸಿ, ಇ ಅಂತ ಹೋಗಿ ಜಿಗೆ ಹಾರುತ್ತದೆ. ಟ್ಯೂನ್ ಇರುವುದು ಸಿ ಮೇಜರ್‌ನಲ್ಲಿ. ಹಾಗಾಗಿ ಕಿವಿಯಲ್ಲಿ ಕೇಳಿ ನುಡಿಸುವವರು ಎಡಗೈಯಲ್ಲಿ ಸಿ ಕಾರ್ಡ್ (ಸಿ, ಇ, ಜಿ ಒಟ್ಟಿಗೆ) ಒತ್ತಿಬಿಡುತ್ತಾರೆ. ಆಗ ಏನೋ ಸಪ್ಪೆ ಅನಿಸುತ್ತದೆ, ಆದರೆ ಎಲ್ಲಿ ಸಪ್ಪೆ ಅಂತ ಗೊತ್ತಾಗುವುದಿಲ್ಲ. ಮೂಲದಲ್ಲಿ ಎರಡನೇ ಪಲ್ಸ್ ಚಾನೆಲ್ ಆ ಐದೂ ಹೊಡೆತಕ್ಕೆ ಎಫ್ ಶಾರ್ಪ್ ನುಡಿಸುತ್ತಿದೆ. ತಳದಲ್ಲಿ ಟ್ರಯಾಂಗಲ್ ಡಿ ಹಿಡಿದಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸಿಯನ್ನು ಷಡ್ಜ ಅಂದುಕೊಂಡರೆ ಮೇಲೆ ಅಂತರ ಗಾಂಧಾರ, ನಡುವೆ ಪ್ರತಿಮಧ್ಯಮ, ಕೆಳಗೆ ಚತುಶ್ರುತಿ ರಿಷಭ. ಷಡ್ಜದ ಆಧಾರ ಎಲ್ಲೂ ಇಲ್ಲ. ಟ್ಯೂನ್ ನೆಲಕ್ಕೆ ಕಾಲಿಡದೆ ಗಾಳಿಯಲ್ಲೇ ಶುರುವಾಗುತ್ತದೆ. ಆ ತುಂಟತನ ಬರುವುದೇ ಅಲ್ಲಿಂದ.

ಪಿಯಾನೊದಲ್ಲಿ ಇದಕ್ಕೆ ಬಲಗೈಯ ಎರಡು ಬೆರಳು, ಎಡಗೈಯ ಒಂದು ಬೆರಳು ಸಾಕು. ಇನ್ನೂ ಒಂದು ಸ್ವರ ಸೇರಿಸಿದರೆ ತುಂಬಿಕೊಳ್ಳುತ್ತದಲ್ಲಾ ಅಂತ ಅನಿಸುತ್ತದೆ. ಸೇರಿಸಬೇಡಿ. ಮೂರು ದನಿಯೂ ಒಂದೇ ಕ್ಷಣಕ್ಕೆ ಬಿದ್ದು ಒಂದೇ ಕ್ಷಣಕ್ಕೆ ನಿಲ್ಲಬೇಕು. ಪೆಡಲ್ ಮುಟ್ಟಲೇಬಾರದು.

ಅದೇ ಗೇಮ್‌ನ ನೆಲದಡಿಯ ಟ್ಯೂನ್ ಇನ್ನೂ ಖಾಲಿ. ಕೆಳಗಿನ ಸಿ, ಮೇಲಿನ ಸಿ, ಕೆಳಗಿನ ಎ, ಮೇಲಿನ ಎ, ಹಾಗೇ ಬಿ ಫ್ಲಾಟ್. ಕಾರ್ಡ್ ಅನ್ನುವುದೇ ಇಲ್ಲ. ಇದಕ್ಕೆ ಕಾರ್ಡ್ ಹಾಕಿ ಅಲಂಕಾರ ಮಾಡಿದ ಎಷ್ಟೋ ಅರೇಂಜ್‌ಮೆಂಟ್‌ಗಳು ಇವೆ. ಒಂದೂ ನನಗೆ ಇಷ್ಟವಾಗಿಲ್ಲ. ಆ ಸುರಂಗದ ಭಯ ಇರುವುದು ಖಾಲಿತನದಲ್ಲೇ.

ಇದ್ದಹಾಗೇ ಇಳಿಸುವಾಗಲೂ ಎರಡು ಕಡೆ ಮಾತ್ರ ಮೂಲವನ್ನು ಮೀರಬೇಕು. ಹಳೆಯ ಚಿಪ್‌ನಲ್ಲಿ ಪ್ರತಿಧ್ವನಿ ಬೇಕಾದರೆ ಸಂಯೋಜಕರು ಎರಡನೇ ಚಾನೆಲ್‌ನಲ್ಲಿ ಅದೇ ಟ್ಯೂನನ್ನು ಸ್ವಲ್ಪ ತಡವಾಗಿ, ಮೆಲ್ಲಗೆ ನುಡಿಸುತ್ತಿದ್ದರು. ಅದನ್ನು ಸ್ವರವೆಂದು ತಿಳಿದು ಬರೆದುಕೊಂಡರೆ ಬೆರಳು ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಬಿಟ್ಟುಬಿಡಿ, ಆ ಜಾಗದಲ್ಲಿ ಚೂರು ಪೆಡಲ್ ಹಾಕಿ. ಇನ್ನೊಂದು ಕಮೊಡೋರ್ 64ರ ಸಂಗೀತದಲ್ಲಿ ತುಂಬಾ ಸಿಗುತ್ತದೆ. 1982ರ ಆ ಕಂಪ್ಯೂಟರ್‌ನ ಸಿಡ್ ಚಿಪ್‌ಗೆ ಇದ್ದದ್ದು ಮೂರೇ ದನಿ. ಒಂದೇ ದನಿಯಲ್ಲಿ ಇಡೀ ಕಾರ್ಡ್ ಕೇಳಿಸಲು ಅದರ ಸ್ವರಗಳನ್ನು ಕಿವಿಗೆ ಬಿಡಿಯಾಗಿ ಸಿಗದಷ್ಟು ವೇಗದಲ್ಲಿ ಒಂದರ ಹಿಂದೊಂದು ಓಡಿಸುತ್ತಿದ್ದರು. ಆ ಗುರ್‌ರ್ ಅನ್ನುವ ಸದ್ದು ಅದೇ. ಪಿಯಾನೊದಲ್ಲಿ ಅದನ್ನು ಓಡಿಸಬೇಕಿಲ್ಲ. ನಮ್ಮ ಹತ್ತಿರ ಹತ್ತು ಬೆರಳಿವೆ, ಕಾರ್ಡನ್ನು ಕಾರ್ಡ್ ಆಗಿಯೇ ಒತ್ತಿದರಾಯಿತು.

ಸೋಸುವುದು

ಫ್ಯಾಮಿಕಾಮ್‌ನ ಮುಂದಿನ ಯಂತ್ರ ಸೂಪರ್ ಫ್ಯಾಮಿಕಾಮ್ 1990ರಲ್ಲಿ ಬಂದಾಗ ಎಂಟು ದನಿ ಸಿಕ್ಕಿತು. ಧ್ವನಿಗೆ ಇದ್ದ ಮೆಮೊರಿ ಬರೀ 64 ಕಿಲೋಬೈಟ್. ಅಷ್ಟರಲ್ಲೇ ತಂತಿವಾದ್ಯ, ಕೊಳಲು, ಹಾರ್ಪ್, ಡ್ರಮ್ ಎಲ್ಲದರ ಸ್ಯಾಂಪಲ್ ತುರುಕಿ ಪುಟ್ಟ ಆರ್ಕೆಸ್ಟ್ರಾ ಕಟ್ಟಿದರು. 1994ರ ಫೈನಲ್ ಫ್ಯಾಂಟಸಿ 6, 1995ರ ಕ್ರೋನೊ ಟ್ರಿಗರ್ ಈ ಕಾಲದವು. ಇಲ್ಲಿ ಎಲ್ಲವನ್ನೂ ಇಳಿಸುತ್ತೇನೆ ಅಂದರೆ ಆಗದ ಮಾತು. ಹೆಚ್ಚಿನ ಟ್ಯೂನ್‌ಗಳಿಗೆ, ಹೆಚ್ಚಿನ ಜನರಿಗೆ ಇದೇ ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಟ್ಯೂನ್ ಇರಲೇಬೇಕು, ತಳದ ಬೇಸ್ ಇರಲೇಬೇಕು. ಜಗಳ ಬರುವುದು ನಡುವಿನ ದನಿಗಳಲ್ಲಿ. ಯಾವುದನ್ನು ಇಟ್ಟುಕೊಳ್ಳುವುದು? ಟ್ಯೂನ್ ಉಸಿರು ತೆಗೆದುಕೊಳ್ಳುವಾಗ ಯಾವ ದನಿ ಓಡಾಡುತ್ತದೋ ಅದು. ಟ್ಯೂನ್ ಉದ್ದ ಸ್ವರದಲ್ಲಿ ನಿಂತಿದ್ದಾಗ ಹಿಂದೆ ಸೆಲ್ಲೊ ಎರಡು ಮೆಟ್ಟಿಲು ಇಳಿಯುತ್ತಿದ್ದರೆ, ಕೇಳುವವರ ನೆನಪಿನಲ್ಲಿ ಉಳಿದಿರುವುದು ಆ ಇಳಿತವೂ ಹೌದು. ಇಡೀ ಹೊತ್ತು ಒಂದೇ ಸ್ವರ ಹಿಡಿದು ಕೂತ ದನಿಯನ್ನು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಬಿಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಹೋಗಬೇಕಾದದ್ದು ಒಂದೇ ಸ್ವರವನ್ನು ಬೇರೆ ಆಕ್ಟೇವ್‌ನಲ್ಲಿ, ಅಂದರೆ ಬೇರೆ ಸ್ಥಾಯಿಯಲ್ಲಿ, ನುಡಿಸುತ್ತಿರುವ ದನಿ. ಆಮೇಲೆ ಕಾರ್ಡಿನ ಐದನೇ ಸ್ವರ. ಮೂರನೇ ಸ್ವರವನ್ನು ಮಾತ್ರ ಕೈಬಿಡಬೇಡಿ, ಮೇಜರ್ ಯಾವುದು ಮೈನರ್ ಯಾವುದು ಅಂತ ಹೇಳುವುದು ಅದೇ. ಎಡಗೈಗೆ ಹತ್ತು ಸ್ವರದಷ್ಟು ಅಗಲ ಬಂದರೆ ಒಟ್ಟಿಗೆ ಒತ್ತಲು ಹೋಗದೆ ಕೆಳಗಿನಿಂದ ಮೇಲಕ್ಕೆ ಒಡೆದು ನುಡಿಸಿ. ಹೆಚ್ಚಿನವರ ಕೈ ಆರಾಮಾಗಿ ಹಿಡಿಯುವುದು ಒಂದು ಆಕ್ಟೇವ್, ಕಷ್ಟಪಟ್ಟರೆ ಒಂಬತ್ತು. ವಿಡಿಯೊದಲ್ಲಿ ಯಾರೋ ಹಿಡಿದರು ಅಂತ ನಿಮ್ಮ ಮಣಿಕಟ್ಟು ನೋಯಿಸಿಕೊಳ್ಳಬೇಡಿ.

ಪ್ಯಾಡ್‌ಗಳದ್ದು, ಅಂದರೆ ಹಿನ್ನೆಲೆಯಲ್ಲಿ ಉದ್ದಕ್ಕೆ ಹಿಡಿದ ಕಾರ್ಡ್‌ಗಳದ್ದು, ಬೇರೆಯೇ ಸಮಸ್ಯೆ. ಸಿಂಥ್‌ನಲ್ಲಿ ನಾಲ್ಕು ಬಾರ್ ಹಿಡಿದ ಕಾರ್ಡ್ ನಾಲ್ಕೂ ಬಾರ್ ಅಷ್ಟೇ ಗಟ್ಟಿಯಾಗಿ ಕೇಳುತ್ತದೆ. ಪಿಯಾನೊದಲ್ಲಿ ಒತ್ತಿದ ಗಳಿಗೆಯಿಂದಲೇ ಸದ್ದು ಇಳಿಯತೊಡಗುತ್ತದೆ. ಆಗ ಕಾರ್ಡನ್ನು ನಿಧಾನವಾಗಿ ಒಡೆದು ಹರಡಬಹುದು, ಅರ್ಧದಲ್ಲಿ ಇನ್ನೊಮ್ಮೆ ಮೆಲ್ಲಗೆ ಒತ್ತಬಹುದು, ಇಲ್ಲವೇ ಸ್ವರಗಳನ್ನು ಬೇಗಬೇಗ ಅದಲುಬದಲಾಗಿ ಬಾರಿಸುವ ಟ್ರೆಮೊಲೊ ಮಾಡಬಹುದು. ಒಡೆಯುವುದು ನನಗೆ ಇಷ್ಟ. ಟ್ರೆಮೊಲೊ ಐದು ಸೆಕೆಂಡ್ ಮೀರಿದರೆ ಮೂಕಿ ಸಿನಿಮಾಕ್ಕೆ ಹಿಂದೆ ಕೂತು ಬಾರಿಸಿದಂತೆ ಕೇಳುತ್ತದೆ.

ಡ್ರಮ್ ಏನು ಮಾಡುವುದು? ತುಂಬಾ ಜನ ಸುಮ್ಮನೆ ಬಿಟ್ಟುಬಿಡುತ್ತಾರೆ. ಫೈಟ್ ಟ್ಯೂನ್‌ಗಳಲ್ಲಿ ಹಾಗೆ ಬಿಟ್ಟರೆ ಕಾಲೇ ಮುರಿದಂತೆ. ಸ್ನೇರ್ ಬೀಳುವ ಜಾಗದಲ್ಲಿ ಎಡಗೈಯ ಮೇಲಿನ ಸ್ವರ ಬೀಳುವ ಹಾಗೆ, ಕಿಕ್ ಬೀಳುವಲ್ಲಿ ಕೆಳಗಿನ ಸ್ವರ ಬೀಳುವ ಹಾಗೆ ಬೇಸ್ ಸಾಲನ್ನು ಚೂರು ಸರಿಸಿಕೊಳ್ಳಿ. ಸ್ವರ ಬದಲಾಗಬೇಕಿಲ್ಲ, ಬೀಳುವ ಜಾಗ ಬದಲಾದರೆ ಸಾಕು.

ದನಿ ಕಡಿಮೆ ಇದ್ದೂ ಸೋಸಬೇಕಾದ ಟ್ಯೂನ್‌ಗಳಿವೆ. ಟೋಬಿ ಫಾಕ್ಸ್ ಅವರ 2015ರ ಗೇಮ್ ಅಂಡರ್‌ಟೇಲ್‌ನ ಮೆಗಲೊವೇನಿಯಾ ನೋಡಿ. ಡಿ ಡಿ, ಮೇಲಿನ ಡಿ, ಎ, ಜಿ ಶಾರ್ಪ್, ಜಿ, ಎಫ್, ಕೊನೆಗೆ ಡಿ ಎಫ್ ಜಿ. ಮುಂದಿನ ಸಾಲುಗಳಲ್ಲಿ ಮೊದಲ ಎರಡು ಸ್ವರ ಮಾತ್ರ ಸಿ, ಬಿ, ಬಿ ಫ್ಲಾಟ್ ಅಂತ ಇಳಿಯುತ್ತವೆ, ಉಳಿದದ್ದು ಅದೇ. ಕಾಗದದ ಮೇಲೆ ಇದು ಮಕ್ಕಳಾಟ. ಕೈಗೆ ಬಂದರೆ ಒಂದೇ ಕೀ ಎರಡು ಸಲ ಪಟಪಟ ಬಿದ್ದು ತಕ್ಷಣ ಆಕ್ಟೇವ್ ಹಾರಬೇಕು. ಹತ್ತು ಸಾಲು ಆಗುವಷ್ಟರಲ್ಲಿ ಬಲಗೈ ಬಿಗಿದುಕೊಳ್ಳುತ್ತದೆ. ಶುರುವಿನಲ್ಲಿ ಎಡಗೈ ಬಿಡುವಾಗಿರುವ ಕಡೆ ಆ ಮೊದಲ ಎರಡು ಸ್ವರವನ್ನು ಅದಕ್ಕೇ ಕೊಟ್ಟುಬಿಡಿ. ಇಳಿಯುವ ಸಾಲು ಪೂರ್ತಿ ಎಡಗೈಯದ್ದು, ಬದಲಾಗದ ಸಾಲು ಬಲಗೈಯದ್ದು. ಮುಂದೆ ಬೇಸ್ ಸೇರಿಕೊಂಡ ಮೇಲೆ ಆ ಎರಡು ಸ್ವರಗಳಲ್ಲಿ ಒಂದನ್ನು ಬಿಟ್ಟರೂ ನಡೆಯುತ್ತದೆ, ಬೇಸ್ ಅದನ್ನು ಹೇಳುತ್ತಲೇ ಇರುತ್ತದೆ.

ಹೊಸದಾಗಿ ಕಟ್ಟುವುದು

ಇದರ ರುಚಿ ನೋಡಬೇಕಾದರೆ ಫೈನಲ್ ಫ್ಯಾಂಟಸಿಯ ಪಿಯಾನೊ ಕಲೆಕ್ಷನ್ಸ್ ಆಲ್ಬಂಗಳನ್ನು ಕೇಳಿ. ನಾಲ್ಕನೇ ಗೇಮ್‌ನ ಆಲ್ಬಂ 1992ರಲ್ಲಿ ಬಂತು. ಏಳನೆಯದಕ್ಕೆ 2003ರಲ್ಲಿ ಬಂದದ್ದನ್ನು ಶಿರೊ ಹಮಗುಚಿ ಅರೇಂಜ್ ಮಾಡಿದ್ದಾರೆ. ನೊಬುವೊ ಉಯೆಮಾತ್ಸು ಅವರ ಟ್ಯೂನ್‌ಗಳು ಅಲ್ಲಿ ಕಛೇರಿಯ ಕೃತಿಗಳಾಗಿವೆ. ಮುನ್ನುಡಿ ಸೇರಿದೆ, ಕಾರ್ಡ್‌ಗಳು ಬದಲಾಗಿವೆ. ಇಡೀ ಕೋರಸ್ ಕೂಗುವ ಒನ್ ವಿಂಗ್ಡ್ ಏಂಜೆಲ್ ಕೂಡ ಎರಡು ಕೈಗೆ ಬಂದಿದೆ. ಆರ್ಕೆಸ್ಟ್ರಾ, ಕೋರಸ್ ಇರುವ ಟ್ಯೂನನ್ನು ಸೋಸುತ್ತಾ ಹೋದರೆ ಎಲುಬು ಮಾತ್ರ ಉಳಿಯುತ್ತದೆ. ಅಂಥ ಕಡೆ ಹೊಸದಾಗಿ ಕಟ್ಟುವುದೇ ವಾಸಿ.

ಇಂಥ ಆಲ್ಬಂಗಳ ಅಧಿಕೃತ ಸ್ಕೋರ್ ಪುಸ್ತಕ ತಂದು ನುಡಿಸುವುದೋ, ಸ್ವಂತ ಮಾಡುವುದೋ? ಈ ಪುಸ್ತಕಗಳು ಚೆನ್ನಾಗಿ ಕಲಿತ ಕೈಗಳಿಗೆ ಬರೆದಂಥವು. ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಪರೀಕ್ಷೆಗಳ ಮೇಲಿನ ಗ್ರೇಡ್‌ಗಳಿಗೆ ಬಂದಿಲ್ಲದಿದ್ದರೆ ಹೆಚ್ಚಿನವು ಕೈಗೆ ಸಿಗುವುದಿಲ್ಲ. ಆದರೂ ಒಂದು ಪುಸ್ತಕ ಹತ್ತಿರ ಇರಲಿ. ಮೂಲವನ್ನೂ ಅದನ್ನೂ ಪಕ್ಕಪಕ್ಕ ಇಟ್ಟು ಏನು ಬಿಟ್ಟರು, ಏನು ಸೇರಿಸಿದರು ಅಂತ ನೋಡಿದರೆ ಕ್ಲಾಸಿನಲ್ಲಿ ಸಿಗದ ಪಾಠ ಸಿಗುತ್ತದೆ.

ಈ ದಾರಿ ಬೇಡವೇ ಬೇಡ ಅನ್ನುವ ಟ್ಯೂನ್‌ಗಳೂ ಇವೆ. ಮೈನ್‌ಕ್ರಾಫ್ಟ್‌ಗೆ ಸಿ418 ಹೆಸರಿನಲ್ಲಿ ಡೇನಿಯಲ್ ರೋಸೆನ್‌ಫೆಲ್ಡ್ ಮಾಡಿದ ಸಂಗೀತದಲ್ಲಿ ಪಿಯಾನೊ ಆಗಲೇ ಇದೆ. ಸ್ವರ ಕಮ್ಮಿ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಎಡಗೈಯನ್ನು ಮೇಲೆ ಕೆಳಗೆ ಓಡಿಸಿ ತುಂಬಿದರೆ ಮದುವೆ ಹಾಲ್‌ನ ಕೀಬೋರ್ಡ್ ಆಗಿಬಿಡುತ್ತದೆ ಅಷ್ಟೇ. ಅದನ್ನು ಇದ್ದಹಾಗೇ ನುಡಿಸಿ, ಪೆಡಲ್ ಉದ್ದಕ್ಕೆ ಹಿಡಿಯಿರಿ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶುರು ಇಲ್ಲ.

ಸ್ವರ ಎಲ್ಲಿಂದ ತೆಗೆಯುವುದು?

ಕಿವಿಯಿಂದ ತೆಗೆಯುವುದು ಒಂದು. ಟ್ಯೂನ್ ಮತ್ತು ಬೇಸ್‌ಗೆ ಇದು ಚೆನ್ನಾಗಿಯೇ ಆಗುತ್ತದೆ, ನಡುವಿನ ದನಿಗಳಲ್ಲಿ ಎಡವುತ್ತದೆ. ಮಾರಿಯೊದ ಆ ಎಫ್ ಶಾರ್ಪ್ ತಪ್ಪುವುದು ಹೀಗೇ. ನೆಟ್‌ನಲ್ಲಿ ಸಿಗುವ ಮಿಡಿ ಫೈಲ್‌ಗಳು (ಸದ್ದಲ್ಲ, ಯಾವ ಸ್ವರ ಯಾವಾಗ ಅನ್ನುವ ಪಟ್ಟಿ) ಇನ್ನೊಂದು ದಾರಿ. ನೊಟೇಷನ್ ಸಾಫ್ಟ್‌ವೇರ್‌ಗೆ ಹಾಕಿದರೆ ಸ್ವರಗಳು ಬರುತ್ತವೆ, ಜೊತೆಗೆ ಹತ್ತು ಸಾಲು ಕಸವೂ ಬರುತ್ತದೆ. ಇವನ್ನು ಯಾರೋ ಅಭಿಮಾನಿಗಳು ಕಿವಿಯಿಂದಲೇ ಮಾಡಿರುವುದು ಜಾಸ್ತಿ, ಅವರ ತಪ್ಪು ನಿಮಗೂ ಬಳುವಳಿ. ಮೇಲಿಂದ ಬಣ್ಣದ ಪಟ್ಟಿ ಬೀಳುವ ವಿಡಿಯೊಗಳಿಂದ ಕಲಿಯುವವರೂ ಇದ್ದಾರೆ. ಯಾವ ಕೀ ಅಂತ ಗೊತ್ತಾಗುತ್ತದೆ, ಲಯ ಗೊತ್ತಾಗುವುದಿಲ್ಲ. ನೋಡಲು ಭರ್ಜರಿಯಾಗಿರಲಿ ಅಂತ ಸ್ವರಗಳನ್ನು ಬೇಕಂತಲೇ ತುಂಬಿರುತ್ತಾರೆ ಬೇರೆ.

ಹಳೆಯ ಗೇಮ್‌ಗಳಿಗೆ ಇವೆಲ್ಲಕ್ಕಿಂತ ಒಳ್ಳೆಯದು ಚಾನೆಲ್‌ಗಳನ್ನು ಬೇರೆಬೇರೆಯಾಗಿ ಕೇಳುವುದು. ಫ್ಯಾಮಿಕಾಮ್ ಸಂಗೀತದ ಎನ್‌ಎಸ್‌ಎಫ್ ಫೈಲ್, ಸೂಪರ್ ಫ್ಯಾಮಿಕಾಮ್‌ನ ಎಸ್‌ಪಿಸಿ ಫೈಲ್ ನುಡಿಸುವ ಪ್ಲೇಯರ್‌ಗಳಲ್ಲಿ ಒಂದೊಂದೇ ಚಾನೆಲ್ ಮ್ಯೂಟ್ ಮಾಡಬಹುದು. ಟ್ಯೂನ್ ಮುಚ್ಚಿ ಬೇಸ್ ಮಾತ್ರ ಕೇಳಿ, ಆಮೇಲೆ ನಡುವಿನದನ್ನು ಒಂದೇ ಕೇಳಿ. ಕಿವಿಯ ಕೆಲಸವೇ, ಆದರೆ ಸಂತೆಯ ಗದ್ದಲ ಇಲ್ಲದೆ. ಹೊಸ ಗೇಮ್‌ಗಳಲ್ಲಿ ಇರುವುದು ಸ್ಟುಡಿಯೊ ರೆಕಾರ್ಡಿಂಗ್, ಅಲ್ಲಿ ಈ ಸವಲತ್ತು ಇಲ್ಲ.

ಬರೆದುಕೊಳ್ಳಲು ಮ್ಯೂಸ್‌ಸ್ಕೋರ್ ಸಾಕು. ಸಾಫ್ಟ್‌ವೇರ್ ಪೂರ್ತಿ ಉಚಿತ. ಅದೇ ಹೆಸರಿನ ಸ್ಕೋರ್ ಹಂಚುವ ಸೈಟ್‌ನಲ್ಲಿ ಚಂದಾ ಕೇಳುತ್ತಾರೆ, ಎರಡನ್ನೂ ಒಂದೇ ಅಂತ ತಿಳಿದು ದುಡ್ಡು ಕಟ್ಟಬೇಡಿ. ಸಿಬೇಲಿಯಸ್, ಡೊರಿಕೊ ವೃತ್ತಿಯವರಿಗೆ. ಫಿನಾಲೆ ಕಲಿಯಲು ಹೋಗಬೇಡಿ, 2024ರಲ್ಲಿ ಅದನ್ನು ನಿಲ್ಲಿಸಿದರು.

ನಿಮ್ಮ ಮುಂದೆ ಇರುವ ವಾದ್ಯ

ನಮ್ಮ ಮನೆಗಳಲ್ಲಿ ಪಿಯಾನೊಗಿಂತ 61 ಕೀಗಳ ಕೀಬೋರ್ಡ್ ಜಾಸ್ತಿ ಅಲ್ವಾ. ಅದರಲ್ಲಿ ಐದು ಆಕ್ಟೇವ್ ಇರುತ್ತದೆ, 88 ಕೀಗಳಲ್ಲಿ ಏಳಕ್ಕಿಂತ ಸ್ವಲ್ಪ ಮೇಲೆ. ಫ್ಯಾಮಿಕಾಮ್ ಟ್ಯೂನ್‌ಗಳಿಗೆ 61 ಧಾರಾಳವಾಯಿತು. ಹೊಸದಾಗಿ ಕಟ್ಟಿದ ಕಛೇರಿ ಥರದ ಅರೇಂಜ್‌ಮೆಂಟ್‌ಗಳಲ್ಲಿ ಎಡಗೈ ತಳಕ್ಕೆ ಇಳಿಯುತ್ತಲೇ ಇರುತ್ತದೆ, ಅಲ್ಲಿ ಸಾಲುವುದಿಲ್ಲ. ಬೇಸನ್ನು ಒಂದು ಆಕ್ಟೇವ್ ಮೇಲೆ ತಂದರೆ ನಡುವಿನ ದನಿಗೆ ಡಿಕ್ಕಿ ಹೊಡೆಯುತ್ತದೆ. ಆಗ ನಡುವಿನ ದನಿಯನ್ನೇ ಬಿಡಬೇಕಾಗುತ್ತದೆ. ಅಂದರೆ ಕಟ್ಟಿದ್ದು ಮತ್ತೆ ಸೋಸಿದ್ದಾಗುತ್ತದೆ. ಒತ್ತಿದಷ್ಟು ಜೋರು ಬರುವ ಟಚ್ ಇಲ್ಲದ ಕೀಬೋರ್ಡ್ ಆದರೆ ಟ್ಯೂನ್ ಮತ್ತು ಒಳದನಿ ಎರಡೂ ಒಂದೇ ಮಟ್ಟದಲ್ಲಿ ಕೇಳುತ್ತವೆ. ಅದಕ್ಕೆ ಎರಡು ದನಿ ಸಾಕು, ಮೂರು ಬೇಡ.

ಒಂದೇ ಕೀ ಪಟಪಟ ಬೀಳುವ ಟ್ಯೂನ್‌ಗೆ ಗ್ರ್ಯಾಂಡ್ ಪಿಯಾನೊ ಹೇಳಿ ಮಾಡಿಸಿದ್ದು. 1821ರಲ್ಲಿ ಪಿಯಾನೊ ತಯಾರಕರಾದ ಎರಾರ್ ಪೇಟೆಂಟ್ ಪಡೆದ ಯಾಂತ್ರಿಕತೆಯಿಂದಾಗಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಮತ್ತೆ ಹೊಡೆಯಬಹುದು. ಗೋಡೆಗೆ ಒರಗಿಸುವ ಅಪ್‌ರೈಟ್‌ನಲ್ಲಿ ಸಾಮಾನ್ಯವಾಗಿ ಆ ಅನುಕೂಲ ಇರುವುದಿಲ್ಲ. ಅಲ್ಲಿ ವೇಗ ಸ್ವಲ್ಪ ಇಳಿಸಿ, ಇಲ್ಲವೇ ಎರಡು ಕೈಗೆ ಹಂಚಿ.

ಮುಗಿಸುವುದು ಹೇಗೆ?

ಗೇಮ್ ಸಂಗೀತಕ್ಕೆ ಮುಕ್ತಾಯವೇ ಇರುವುದಿಲ್ಲ, ಆಡುವವರು ನಿಲ್ಲಿಸುವವರೆಗೆ ಸುತ್ತುತ್ತಲೇ ಇರುತ್ತದೆ. ರೆಕಾರ್ಡಿಂಗ್‌ನಲ್ಲಿ ಮೆಲ್ಲಗೆ ಮಸುಕಾಗಿಸುತ್ತಾರೆ. ಪಿಯಾನೊದಲ್ಲಿ ಅದೇ ಸಾಲನ್ನು ಸಣ್ಣ ಮಾಡುತ್ತಾ ಹೋದರೆ ಕೇಳುವವರಿಗೆ ಕೈ ಸೋತಂತೆ ಕಾಣುತ್ತದೆ. ಎರಡು ಸುತ್ತು ಸಾಕು. ಎರಡನೇ ಸುತ್ತಿನಲ್ಲಿ ಒಂದು ಬದಲಾವಣೆ ಇರಲಿ, ಟ್ಯೂನನ್ನು ಎಡಗೈಗೆ ಕೊಡುವುದೋ ಆಕ್ಟೇವ್ ಮೇಲೇರಿಸುವುದೋ. ಆಮೇಲೆ ಅದೇ ಗೇಮ್‌ನಿಂದ ಒಂದು ಚಿಕ್ಕ ತುಣುಕು ಎತ್ತಿಕೊಂಡು ಮುಗಿಸಿ. ಮಾರಿಯೊದಲ್ಲಾದರೆ ಧ್ವಜದ ಕಂಬ ಹಿಡಿದ ಮೇಲೆ ಬರುವ ಫ್ಯಾನ್‌ಫೇರ್ ಇದೆಯಲ್ಲ, ಅದು. ಸಭೆ ತಾನಾಗಿಯೇ ಚಪ್ಪಾಳೆ ಹೊಡೆಯುತ್ತದೆ.

ಮನೆಗೋ, ಮಾರಾಟಕ್ಕೋ?

ಈ ಪ್ರಶ್ನೆಯೂ ದಾರಿಯನ್ನು ಬದಲಿಸುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿಯ ಅರೇಂಜ್‌ಮೆಂಟ್, ಟ್ರಾನ್ಸ್‌ಕ್ರಿಪ್ಷನ್ ಎರಡೂ ಅಡಾಪ್ಟೇಷನ್ (ರೂಪಾಂತರ) ಲೆಕ್ಕಕ್ಕೆ ಬರುತ್ತವೆ, ಅದರ ಹಕ್ಕು ಮೂಲದ ಮಾಲೀಕರದ್ದು. ಮನೆಯಲ್ಲಿ ಸ್ವಂತಕ್ಕೆ ಮಾಡಿಕೊಂಡರೆ ಯಾರೂ ಕೇಳುವುದಿಲ್ಲ. ಸ್ಕೋರ್ ಮಾರುವುದಾದರೆ ಲೈಸೆನ್ಸ್ ಬೇಕು. ಇದ್ದಹಾಗೇ ಇಳಿಸಿದ್ದರೂ ಅಷ್ಟೇ, ಹೊಸದಾಗಿ ಕಟ್ಟಿದ್ದರೂ ಅಷ್ಟೇ. ಹತ್ತು ಬಾರ್ ಬದಲಿಸಿದರೆ ನಮ್ಮದಾಗುತ್ತದೆ ಅನ್ನುವುದು ಬರೀ ಬಾಯಿಮಾತು.

ಹಾಗಿದ್ದೂ ಒಂದು ಸಂದು ಇದೆ. 1989ರಲ್ಲಿ ಗೇಮ್‌ಬಾಯ್‌ಗೆ ಬಂದ ಟೆಟ್ರಿಸ್‌ನ ಪ್ರಸಿದ್ಧ ಟ್ಯೂನ್ ಕೊರೊಬೈನಿಕಿ ಅನ್ನುವ ಹತ್ತೊಂಬತ್ತನೇ ಶತಮಾನದ ರಷ್ಯನ್ ಜನಪದ ಹಾಡು. ಅದನ್ನು ಗೇಮ್‌ಗೆ ಒಗ್ಗಿಸಿದವರು ಹಿರೊಕಾಜು ತನಾಕ. ಹಾಡು ಎಲ್ಲರದ್ದು, ತನಾಕ ಹಾಕಿದ ಬೇಸ್ ಸಾಲು ಎಲ್ಲರದ್ದಲ್ಲ. ಹಾಗಾಗಿ ಇಲ್ಲಿ ಸೋಸುವ ದಾರಿ ಬಿಟ್ಟು ಜನಪದ ಟ್ಯೂನ್‌ನಿಂದಲೇ ಶುರುಮಾಡಿ ಎಡಗೈಯನ್ನು ಪೂರ್ತಿ ನಿಮ್ಮದೇ ಮಾಡಿಕೊಂಡರೆ, ಆ ಸ್ಕೋರನ್ನು ಮಾರಬಹುದು. ಮುಖಪುಟದಲ್ಲಿ ಕೊರೊಬೈನಿಕಿ ಅಂತಲೇ ಹಾಕಿ. ಟೆಟ್ರಿಸ್ ಅನ್ನುವುದು ಟ್ರೇಡ್‌ಮಾರ್ಕ್.